ಹುಳ ಎಂದು ಬರೆದ ಗಂಟೆಗಳು

ನನ್ನ ತಂಗಿ ನಾಲ್ಕು ವರ್ಷ ತನ್ನ ಗಂಡನ ಅಂಗಿಗಳನ್ನು ಒಗೆಯುವ ಮುಂಚೆ ಮೂಸಿ ನೋಡುತ್ತಿದ್ದಳು. ಕಾಲರು, ತೋಳು, ಜೇಬಿನ ಒಳಗು, ಒಂದನ್ನೂ ಬಿಡುತ್ತಿರಲಿಲ್ಲ. ಸಿಗರೇಟಿನ ವಾಸನೆ ಒಂದು ದಿನವೂ ಸಿಕ್ಕಲಿಲ್ಲ. ಸಿಗದಷ್ಟೂ ಅವಳಿಗೆ ಅನುಮಾನ ಹೆಚ್ಚಾಗುತ್ತಿತ್ತು. ವಾಸನೆಯೂ ಉಳಿಯದ ಹಾಗೆ ಕದ್ದು ಸೇದುವವನು ಎಂಥ ಪಾಕಡಾ ಇರಬೇಕು ಎಂದು ನನ್ನ ಹತ್ತಿರವೇ ಹಲ್ಲು ಕಡಿದಿದ್ದಾಳೆ. ಅವಳ ತಲೆಯಲ್ಲಿ ಆ ಹುಳ ಬಿಟ್ಟವಳು ನಾನು. ಹುಳ ಅನ್ನುವ ಮಾತು ಇಲ್ಲಿ ಸುಮ್ಮನೆ ಬಾಯಿಗೆ ಬಂದಿದ್ದಲ್ಲ, ಅದನ್ನೂ ಹೇಳುತ್ತೇನೆ.

ನಾನು ಗಾಳಿ ಅಳೆಯುವವಳು. ಗಾಳಿಯಲ್ಲಿ ತೇಲುವ ಸಣ್ಣ ದೂಳು, ಕಣ್ಣಿಗೆ ಕಾಣದ್ದು, ಮೂಗಿನ ಕೂದಲು ತಡೆಯಲಾರದ್ದು, ಸೀದಾ ಶ್ವಾಸಕೋಶದ ತಳಕ್ಕೆ ಹೋಗಿ ಕೂರುವಂಥದ್ದು, ಅದರ ಮೇಲೆ ಮೂವತ್ತೊಂದು ವರ್ಷ ಸಂಶೋಧನೆ ಮಾಡಿದ್ದೇನೆ. ಮದುವೆಯಾಗಲಿಲ್ಲ. ಇವಳು ದೂಳಿನ ಜೊತೆ ಸಂಸಾರ ಮಾಡ್ತಿದ್ದಾಳೆ ಎಂದು ನಮ್ಮ ಸೋದರತ್ತೆ ಬದುಕಿರುವ ತನಕ ಆಡಿಕೊಂಡರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆ ಮಾತನ್ನು ನಾನೇ ಒಪ್ಪುತ್ತೇನೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಆದರೆ ಆ ಮೂರು ಕಾಲಿಗೆ ನನ್ನ ಹತ್ತಿರ ದಾಖಲೆ ಇರುತ್ತಿತ್ತು, ಹಾಗಾಗಿ ಮನೆಯಲ್ಲಿ ಎಂಥ ವಾದ ಬಿದ್ದರೂ ಎಲ್ಲರೂ ಕೊನೆಗೆ ನನ್ನ ಬಾಯಿ ನೋಡುತ್ತಿದ್ದರು. ತಂಗಿಯಂತೂ ಅಕ್ಕ ಅಂದಮೇಲೆ ಅಪ್ಪೀಲೇ ಇಲ್ಲ ಎಂದು ಬೆಳೆದವಳು.

ಈ ಊರಿನಲ್ಲಿ ಹನ್ನೊಂದು ಕಡೆ ನಮ್ಮ ಪೆಟ್ಟಿಗೆಗಳಿವೆ. ಪೆಟ್ಟಿಗೆಯ ತಲೆಯ ಮೇಲೆ ಒಂದು ಕೊಳವೆ, ಅದು ಹಗಲೂ ರಾತ್ರಿ ಗಾಳಿ ಎಳೆಯುತ್ತದೆ. ಒಳಗೆ ಬಿಳಿ ಕಾಗದದ ಪಟ್ಟಿಯ ಸುರುಳಿ. ಗಾಳಿಯಲ್ಲಿದ್ದ ದೂಳು ಆ ಪಟ್ಟಿಯ ಮೇಲೆ ಒಂದು ದುಂಡು ಚುಕ್ಕೆಯಾಗಿ ಕೂರುತ್ತದೆ. ಗಂಟೆಗೊಂದು ಚುಕ್ಕೆ. ಚುಕ್ಕೆಯಲ್ಲಿ ಎಷ್ಟು ದೂಳು ಕೂತಿದೆ ಎಂದು ಯಂತ್ರವೇ ಅಳೆದು ಅಂಕಿ ಕಳಿಸುತ್ತದೆ, ಪಟ್ಟಿ ಒಂದು ಚೂರು ಮುಂದೆ ಸರಿಯುತ್ತದೆ. ಇಷ್ಟೇ.

ಹತ್ತೊಂಬತ್ತು ವರ್ಷದ ಹಿಂದೆ ಒಂದು ಪೆಟ್ಟಿಗೆಯಿಂದ ಇದ್ದಕ್ಕಿದ್ದ ಹಾಗೆ ಒಂಬೈನೂರ ಮೂವತ್ತು ಎಂಬ ಅಂಕಿ ಬಂತು. ಹಿಂದಿನ ಗಂಟೆ ಮೂವತ್ತಿತ್ತು, ಆಮೇಲಿನ ಗಂಟೆಯೂ ಮೂವತ್ತೇ. ಕಚೇರಿ ಅಲ್ಲೋಲಕಲ್ಲೋಲ. ನಾನು ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿದೆ. ಕೊಳವೆಯೊಳಗೆ ಜಾರಿದ ಒಂದು ದೀಪದ ಹುಳ ಪಟ್ಟಿಯ ಮೇಲೆ ಸತ್ತು ಬಿದ್ದಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಥ ಪೇಚಾಟ ಮತ್ತೆ ಬೇಡ ಎಂದು ನಾನೇ ಕೂತು ಒಂದು ನಿಯಮ ಬರೆದೆ. ಒಂದು ಗಂಟೆಯ ಅಂಕಿ ಹಿಂದಿನದಕ್ಕಿಂತ ಹತ್ತು ಪಟ್ಟು ಜಿಗಿದು, ಎರಡೇ ಗಂಟೆಯೊಳಗೆ ಮತ್ತೆ ಇಳಿದುಹೋದರೆ, ಅದು ಗಾಳಿಯಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕಂಪ್ಯೂಟರು ಅಂಥ ಗಂಟೆಯನ್ನು ತಾನಾಗಿಯೇ ತೆಗೆದುಹಾಕಿ, ಆ ಜಾಗದಲ್ಲಿ ಒಂದು ಪದ ಬರೆಯುತ್ತಿತ್ತು. ನಾವು ತಮಾಷೆಗೆ ಇಟ್ಟ ಪದ ಅದು, ಹುಳ. ಇವತ್ತು ಎಷ್ಟು ಹುಳ ಬಿತ್ತು ಎಂದು ಊಟದ ಹೊತ್ತಿನಲ್ಲಿ ಕೇಳಿಕೊಳ್ಳುವುದು ನಮ್ಮ ವಾಡಿಕೆಯಾಯಿತು. ಆ ನಿಯಮಕ್ಕೆ ನನಗೆ ಬಡ್ತಿಯೂ ಸಿಕ್ಕಿತು.

ತಂಗಿಯ ಗಂಡ ಗಡಿಯಾರ ರಿಪೇರಿ ಮಾಡುವವರು. ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಗಡಿಯಾರದವರು ಎಂದು. ಗುಜರಿ ಕರಗಿಸುವ ಒಂದು ಕುಲುಮೆಯ ಹಿಂದಿನ ಬೀದಿಯಲ್ಲಿ ಅವರ ಮನೆ, ಮೊದಲನೇ ಮಹಡಿ. ಬೀದಿ ಕಡೆಯ ಕಿಟಕಿಗೆ ಒತ್ತಿಕೊಂಡು ಅವರ ಮೇಜು, ಮೇಜಿನ ಮೇಲೆ ಚಿಮಟ, ಎಣ್ಣೆಯ ಸೂಜಿ, ಚಕ್ರ ತೊಳೆಯುವ ಪೆಟ್ರೋಲಿನ ಬಟ್ಟಲು. ಬೀದಿಯಲ್ಲಿ ಲಾರಿ ಓಡಾಡಲು ಶುರುವಾದರೆ ಮೇಜು ನಡುಗುತ್ತದೆ, ಆಮೇಲೆ ಸಣ್ಣ ಕೆಲಸ ಆಗುವುದಿಲ್ಲ. ಅದಕ್ಕೇ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಆರೂವರೆಯ ತನಕ ಅಲ್ಲಿ ಕೂರುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ಪೆಟ್ರೋಲಿನ ಹಬೆ ಕುಡಿಯಬೇಡಿ, ಕಿಟಕಿ ಪೂರ್ತಿ ತೆಗೆದಿಟ್ಟುಕೊಂಡು ಕೂತ್ಕೊಳ್ಳಿ ಎಂದು ಹೇಳಿದವಳೂ ನಾನೇ. ಅಂದಿನಿಂದ ಮಳೆಯೋ ಚಳಿಯೋ, ಅವರು ಕಿಟಕಿ ಮುಚ್ಚಿದವರಲ್ಲ. ಅತ್ತಿಗೆ ಓದಿದವರು, ಸುಮ್ಮನೆ ಹೇಳ್ತಾರಾ ಅನ್ನುತ್ತಿದ್ದರು.

ಒಂದು ಸಲ ಅವರು ನನಗೆ ಒಂದು ಕೈಗಡಿಯಾರ ಬಿಚ್ಚಿ ತೋರಿಸಿದರು.

"ಅತ್ತಿಗೆ, ಇದಕ್ಕೆ ಹೊಸ ಎಣ್ಣೆ ಬಿಟ್ಟು ಮೂರು ದಿನ ಆಗಿಲ್ಲ. ನೋಡಿ, ಕಾಡಿಗೆ ಆಗಿದೆ. ಮೊದಲು ಹೀಗಿರಲಿಲ್ಲ. ಸಂಜೆ ಬಿಚ್ಚಿಟ್ಟಿದ್ದು ಚೆನ್ನಾಗೇ ಇರುತ್ತೆ. ಬೆಳಗ್ಗೆ ಬಿಚ್ಚಿಟ್ಟಿದ್ದೇ ಕಪ್ಪಾಗೋದು."

"ಅದು ದಪ್ಪ ದೂಳು ಕಣ್ರೀ. ಮೂಗಲ್ಲೇ ನಿಂತುಬಿಡುತ್ತೆ. ಅದರಿಂದ ಏನೂ ಆಗಲ್ಲ."

"ಹಾಗಂತೀರಾ?"

"ನಾನು ಅನ್ನೋದಲ್ಲ, ನಿಮ್ಮ ಬೀದಿ ಕೊನೇಲೇ ನಮ್ಮ ಪೆಟ್ಟಿಗೆ ಇದೆ. ಅದು ಹೇಳ್ತಿದೆ."

ಅವರು ತಲೆಯಾಡಿಸಿ ಗಡಿಯಾರದ ಮುಚ್ಚಳ ಹಾಕಿದರು. ಇಡೀ ಜೀವಮಾನ ದೂಳಿನ ಜೊತೆ ಗುದ್ದಾಡಿದ ಮನುಷ್ಯ ದೂಳಿನ ವಿಷಯ ಹೇಳುತ್ತಿದ್ದಾನೆ, ಒಂದು ನಿಮಿಷ ಕೇಳೋಣ ಎಂದು ನನಗೆ ಅನ್ನಿಸಲಿಲ್ಲ. ಎಣ್ಣೆಯ ಮಾತನ್ನು ನಾನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ಮಾರನೇ ವರ್ಷ ಅವರಿಗೆ ಉಬ್ಬಸ ಹತ್ತಿತು. ಮೊದಲು ಮೆಟ್ಟಿಲಲ್ಲಿ, ಆಮೇಲೆ ನಡಿಗೆಯಲ್ಲಿ, ಆಮೇಲೆ ಕೂತಲ್ಲೇ. ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಎದೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಸಿಗರೇಟು ಸೇದುತ್ತೀರಾ ಎಂದು ಕೇಳಿದರು. ಮದುವೆಗೆ ಮುಂಚೆ ಎಂಟು ವರ್ಷ ಸೇದುತ್ತಿದ್ದೆ, ಇವಳು ಬಿಡಿಸಿದಳು, ಇಪ್ಪತ್ತೇಳು ವರ್ಷವಾಯಿತು ಎಂದರು ಗಡಿಯಾರದವರು. ಡಾಕ್ಟರು ತಲೆ ಅಲ್ಲಾಡಿಸಿದರು.

"ಅಷ್ಟಕ್ಕೆಲ್ಲ ಇಷ್ಟು ಹಾಳಾಗಲ್ಲ. ಒಂದೋ ನೀವು ಈಗಲೂ ಸೇದ್ತಿದ್ದೀರಿ, ಇಲ್ಲಾ ನೀವಿರೋ ಕಡೆ ಗಾಳಿ ತುಂಬಾ ಕೆಟ್ಟಿದೆ."

ತಂಗಿ ನನ್ನ ಕಡೆ ತಿರುಗಿದಳು. ನನಗೆ ಅಂಕಿ ಬಾಯಿಪಾಠವಿತ್ತು. ಆ ಬೀದಿಯ ವರ್ಷದ ಸರಾಸರಿ ಇಪ್ಪತ್ನಾಲ್ಕು, ಹನ್ನೊಂದು ಪೆಟ್ಟಿಗೆಗಳಲ್ಲಿ ಮೂರನೇ ಒಳ್ಳೆಯದು.

"ಗಾಳಿಯಲ್ಲಿ ತಪ್ಪಿಲ್ಲ," ಅಂದೆ.

ಇಷ್ಟು ಹೇಳಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ತಂಗಿ ಮತ್ತೆ ಕೇಳಿದ್ದಕ್ಕೆ, ಗಾಳಿ ಅಲ್ಲ ಅಂದ ಮೇಲೆ ಉಳಿಯುವುದು ಒಂದೇ ತಾನೇ, ಕೂಡೋದು ಕಳೆಯೋದು ನಿನಗೂ ಬರುತ್ತಲ್ಲ ಎಂದು ರೇಗಿದೆ. ಗಡಿಯಾರದವರು ಪಕ್ಕದಲ್ಲೇ ನಿಂತಿದ್ದರು. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಸರಿಯಾಗಿ ಬರೆದೂ ಫೇಲಾದವರ ಮುಖ ಇತ್ತು.

ಅಲ್ಲಿಂದ ಆ ಮನೆ ಮನೆಯಾಗಿ ಉಳಿಯಲಿಲ್ಲ. ನನ್ನ ತಂಗಿ ಕೆಟ್ಟವಳಲ್ಲ. ಗಂಡನಿಗೆ ಹೊತ್ತುಹೊತ್ತಿಗೆ ಔಷಧಿ ಕೊಡುತ್ತಿದ್ದಳು, ಬೆನ್ನು ಒತ್ತುತ್ತಿದ್ದಳು, ದಿಂಬು ಎತ್ತರಿಸುತ್ತಿದ್ದಳು. ಅದೆಲ್ಲದರ ಜೊತೆಗೆ ಬಾಯಿಗೂ ಬಿಡುವು ಕೊಡುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳಿದ್ದಾರಾ, ಬೆಂಕಿ ಇಲ್ಲದೆ ಹೊಗೆ ಆಡುತ್ತಾ, ನನ್ನ ಬಾಳಿಗೆ ಕೊಳ್ಳಿ ಇಟ್ಟಿರಲ್ಲ, ಹೀಗೆ.

"ನಿನ್ನಾಣೆಗೂ ಸೇದಿಲ್ಲ ಕಣೇ," ಎನ್ನುತ್ತಿದ್ದರು ಅವರು.

"ನನ್ನ ಮೇಲೆ ಆಣೆ ಬೇರೆ ಇಡಿ. ಇಬ್ಬರೂ ಒಟ್ಟಿಗೆ ಹೋಗೋಣ."

"ಮತ್ತೆ ಹೇಗೆ ನಂಬಿಸ್ಲಿ?"

"ಅಕ್ಕನ ಮೆಷೀನು ಸುಳ್ಳು ಹೇಳುತ್ತಾ ಹಾಗಾದ್ರೆ?"

ನನ್ನ ಎದುರಿಗೇ ಎಷ್ಟೋ ಸಲ ಈ ಮಾತು ನಡೆದಿದೆ. ನಾನು ಟೀ ಕುಡಿಯುತ್ತ ಗೋಡೆ ನೋಡುತ್ತಿದ್ದೆ. ಮನಸ್ಸಿನಲ್ಲಿ, ಒಪ್ಪಿಕೊಂಡುಬಿಟ್ಟರೆ ಅವಳ ಬಾಯಾದರೂ ಮುಚ್ಚುತ್ತದಲ್ಲ, ಈ ಮನುಷ್ಯನಿಗೆ ಎಂಥ ಹಟ ಅಂದುಕೊಳ್ಳುತ್ತಿದ್ದೆ. ಅವರು ಮೇಜಿನಿಂದ ಮಂಚಕ್ಕೆ ಬಂದರು, ಮಂಚದ ಪಕ್ಕ ಆಮ್ಲಜನಕದ ಯಂತ್ರ ಬಂತು, ಮೂಗಿಗೆ ಕೊಳವೆ ಬಂತು. ರಿಪೇರಿಗೆ ಬಂದಿದ್ದ ಗಡಿಯಾರಗಳನ್ನೆಲ್ಲ ಜನ ಒಬ್ಬೊಬ್ಬರಾಗಿ ಬಂದು ವಾಪಸು ತೆಗೆದುಕೊಂಡು ಹೋದರು.

ನಾನು ನಿವೃತ್ತಿಯಾಗಲು ಆರು ವಾರವಿತ್ತು. ಮುಂದೆ ಬರುವವರಿಗೆ ಹನ್ನೊಂದು ಪೆಟ್ಟಿಗೆಗಳ ಜಾತಕ ಬರೆದು ಕೊಡಬೇಕು. ಪ್ರತಿ ಪೆಟ್ಟಿಗೆ ವರ್ಷಕ್ಕೆ ಎಷ್ಟು ಸಲ ಕೆಟ್ಟಿತು, ಎಷ್ಟು ಸಲ ಕರೆಂಟು ಹೋಯಿತು, ಎಷ್ಟು ಹುಳ ಬಿತ್ತು. ಯಾರೂ ಕೇಳದ ಪಟ್ಟಿ ಅದು, ನಾನೂ ಹತ್ತೊಂಬತ್ತು ವರ್ಷ ಮಾಡಿರಲಿಲ್ಲ. ಮೊದಲ ಪೆಟ್ಟಿಗೆಗೆ ವರ್ಷಕ್ಕೆ ಒಂಬತ್ತು ಹುಳ. ಎರಡನೆಯದಕ್ಕೆ ಐದು. ಮೂರು, ನಾಲ್ಕು, ಐದು, ಎಲ್ಲ ಹೀಗೇ. ಏಳನೆಯದು ತಂಗಿಯ ಬೀದಿಯದು. ಆರುನೂರ ಹದಿನಾಲ್ಕು.

ಕೂಡಿಸುವಾಗ ಕೈತಪ್ಪಿತು ಅಂದುಕೊಂಡು ಮತ್ತೆ ಕೂಡಿಸಿದೆ. ಹಿಂದಿನ ವರ್ಷ ತೆಗೆದೆ, ಆರುನೂರ ಎರಡು. ಅದರ ಹಿಂದಿನದು, ಆರುನೂರ ಹತ್ತು. ದಿನಕ್ಕೆ ಎರಡು ಹುಳ. ನಾಲ್ಕೂವರೆಯಿಂದ ಆರೂವರೆಯೊಳಗೆ. ವಾರದಲ್ಲಿ ಆರು ದಿನ ಬಿದ್ದು, ಏಳನೇ ದಿನ ಬೀಳುತ್ತಿರಲಿಲ್ಲ. ರಜೆಯ ದಿನಗಳಲ್ಲಿ ಬೀಳುತ್ತಿರಲಿಲ್ಲ. ಜಗತ್ತಿನ ಯಾವ ಹುಳವೂ ವಾರದ ರಜೆ ತೆಗೆದುಕೊಳ್ಳುವುದಿಲ್ಲ. ಆ ಬೀದಿಯಲ್ಲಿ ವಾರದ ರಜೆ ಇದ್ದದ್ದು ಕುಲುಮೆಗೆ.

ವರ್ಷದ ಗಂಟೆಗಳಲ್ಲಿ ನೂರಕ್ಕೆ ಹತ್ತು ಭಾಗ ಕಾಣೆಯಾದರೂ ನಮ್ಮಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಇಲ್ಲಿ ಕಾಣೆಯಾಗಿದ್ದು ಏಳು ಭಾಗ. ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಬೀಳಬೇಕಾಗಿದ್ದದ್ದು ನನ್ನ ಕಣ್ಣಿಗೆ.

ಆದರೂ ನಾನು ನಂಬಲಿಲ್ಲ. ನಂಬಲು ಇಷ್ಟವಿರಲಿಲ್ಲ ಅನ್ನುವುದೇ ಸರಿ. ನೆಲಮಾಳಿಗೆಯಲ್ಲಿ ಹಳೆಯ ಪಟ್ಟಿಗಳ ಸುರುಳಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಇಟ್ಟಿರುತ್ತೇವೆ. ಏಳನೇ ಪೆಟ್ಟಿಗೆಯ ಸುರುಳಿಗಳನ್ನು ಹೊರಿಸಿಕೊಂಡು ಬಂದು, ದೂಳಿನ ತೂಕದ ಕೋಣೆಯ ಬಾಗಿಲು ಹಾಕಿಕೊಂಡು, ಉದ್ದ ಮೇಜಿನ ಮೇಲೆ ಒಂದನ್ನು ಬಿಚ್ಚಿ ಹಾಸಿದೆ. ತೆಳುಬೂದು ಚುಕ್ಕೆ, ತೆಳುಬೂದು ಚುಕ್ಕೆ, ಸಾಲಾಗಿ. ಆಮೇಲೆ ಎರಡು ಚುಕ್ಕೆ ಮಸಿ ಕಪ್ಪು. ಮತ್ತೆ ಇಪ್ಪತ್ತೆರಡು ಬೂದು. ಮತ್ತೆ ಎರಡು ಕಪ್ಪು. ಭೂತಗನ್ನಡಿ ಹಿಡಿದು ಹುಳದ ಒಂದು ಕಾಲು, ಒಂದು ರೆಕ್ಕೆಯ ಚೂರು ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಬೆರಳು ಇಟ್ಟರೆ ಕಪ್ಪು ಬೆರಳಿಗೆ ಹತ್ತಿತು. ನಸುಕಿನಲ್ಲಿ ಗಾಳಿ ಆಡುವುದಿಲ್ಲ, ಹೊಗೆ ಮೇಲಕ್ಕೇರದೆ ಬೀದಿಯಲ್ಲೇ ತಂಗುತ್ತದೆ, ಬಿಸಿಲೇರಿದ ಮೇಲೆ ಚದುರುತ್ತದೆ. ನಾನೇ ಪಾಠ ಮಾಡಿದ ವಿಷಯ ಇದು. ಆ ಎರಡು ಗಂಟೆಗಳಲ್ಲಿ ಕಿಟಕಿ ತೆರೆದಿಟ್ಟುಕೊಂಡು, ಮುಖ ಬೀದಿಗೆ ಕೊಟ್ಟು, ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಗಡಿಯಾರ ರಿಪೇರಿ ಮಾಡುತ್ತಿದ್ದ. ತಂಗಿ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದಳು, ಅವಳಿಗೆ ಕೆಮ್ಮೂ ಬರಲಿಲ್ಲ.

ಹುಳಗಳನ್ನು ಮತ್ತೆ ಲೆಕ್ಕಕ್ಕೆ ಸೇರಿಸಿದೆ. ಇಪ್ಪತ್ನಾಲ್ಕು ಎಪ್ಪತ್ತೆಂಟಾಯಿತು. ತೂಕದ ಕೋಣೆಯಲ್ಲಿ ನೀರು ಕುಡಿಯುವುದೂ ನಿಷೇಧ, ತೇವ ಹೆಚ್ಚುತ್ತದೆ ಎಂದು ನಾನೇ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಅಲ್ಲಿ ಕೂತು ಅತ್ತೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವ ಗಾದೆ ನನಗೇ ಮಾಡಿದ್ದಿರಬೇಕು.

ನಮ್ಮ ಕಚೇರಿಯ ನಿರ್ದೇಶಕರು ನನಗಿಂತ ಹತ್ತು ವರ್ಷ ಚಿಕ್ಕವರು, ಸಭ್ಯರು. ನಾನು ಕೊಟ್ಟ ಕಾಗದಗಳನ್ನು ಎರಡು ಸಲ ತಿರುವಿ ನೋಡಿದರು.

"ಹೋಗೋ ಹೊತ್ತಲ್ಲಿ ಇದೆಲ್ಲ ಯಾಕೆ ಮೇಡಂ? ನಿಮ್ಮ ಹೆಸರೇ ಹಾಳಾಗುತ್ತೆ."

"ನನ್ನ ಹೆಸರನ್ನ ನಾನೇನು ಉಪ್ಪಿನಕಾಯಿ ಹಾಕ್ಕೊಳ್ಲಾ? ಪ್ರಕಟ ಮಾಡಿ."

"ಸ್ವಲ್ಪ ಯೋಚನೆ ಮಾಡಿ ನೋಡೋಣ."

"ನೀವು ಯೋಚನೆ ಮಾಡ್ತಾ ಇರಿ. ನಾನು ಪತ್ರಿಕೆಯವರಿಗೂ ಒಂದು ಪ್ರತಿ ಕೊಟ್ಟಿರ್ತೀನಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಅನ್ನುತ್ತಾರೆ. ಇವರು ಒದೆಯಲಿಲ್ಲ, ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಸರಿಪಡಿಸಿದ ಅಂಕಿಗಳು ಹತ್ತು ದಿನದಲ್ಲಿ ಹೊರಬೀಳುವುದೆಂದು ಆಯಿತು. ಆದರೆ ನನಗೆ ಊರಿಗಿಂತ ಮೊದಲು ಒಂದು ಮನೆಗೆ ಹೇಳುವುದಿತ್ತು. ಗಡಿಯಾರದವರಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಸುಳ್ಳುಗಾರ ಅನ್ನಿಸಿಕೊಂಡು ಆ ಮನುಷ್ಯ ಸಾಯಬಾರದು. ಅವರು ಸೇದಿರಲಿಲ್ಲ ಅನ್ನುವುದು ಹೆಂಡತಿಗೆ ತಿಳಿದು, ಅವಳು ಒಂದು ಸಲ ತಪ್ಪಾಯಿತು ಅನ್ನುವುದನ್ನು ಅವರು ಕಿವಿಯಾರೆ ಕೇಳಬೇಕು. ಅದೊಂದು ಆದರೆ ಸಾಕು ಅಂದುಕೊಂಡು ಮಧ್ಯಾಹ್ನವೇ ಹೊರಟೆ. ಹೋಗುವಾಗ ಬ್ಯಾಗಿನಲ್ಲಿ ಪಟ್ಟಿಯ ಒಂದು ತುಂಡನ್ನೂ ಇಟ್ಟುಕೊಂಡೆ.

ತಂಗಿ ಅವರಿಗೆ ಚಮಚದಲ್ಲಿ ಸಾರಿನ ನೀರು ಕುಡಿಸುತ್ತಿದ್ದಳು. ಯಂತ್ರ ಗುಯ್ ಎನ್ನುತ್ತಿತ್ತು. ಗಡಿಯಾರದವರು ಅರ್ಧ ಕೂತು ಅರ್ಧ ಮಲಗಿದ್ದರು, ಎಲುಬಿನ ಮೇಲೆ ಅಂಗಿ ಹಾಕಿದ ಹಾಗೆ.

"ಬನ್ನಿ ಅತ್ತಿಗೆ," ಎಂದರು. ಅಷ್ಟಕ್ಕೇ ಎರಡು ಸಲ ಉಸಿರು ತೆಗೆದುಕೊಂಡರು.

ನಾನು ಕುರ್ಚಿ ಎಳೆದುಕೊಂಡು ಕೂತು, ಸುತ್ತಿಬಳಸದೆ ಎಲ್ಲ ಹೇಳಿದೆ. ದೀಪದ ಹುಳ, ನಾನು ಬರೆದ ನಿಯಮ, ಆರುನೂರ ಹದಿನಾಲ್ಕು, ಕುಲುಮೆ, ಕಿಟಕಿ. ಪಟ್ಟಿಯ ತುಂಡನ್ನು ಹಾಸಿಗೆಯ ಮೇಲೆ ಬಿಡಿಸಿ ಕಪ್ಪು ಚುಕ್ಕೆಗಳನ್ನು ತೋರಿಸಿದೆ.

"ತಪ್ಪು ನಂದು. ಗಾಳಿ ಕೆಟ್ಟಿತ್ತು. ಇವರು ಹೇಳಿದ್ದು ನಿಜ. ಇವರು ಸೇದಿಲ್ಲ, ಕೇಳಿಸ್ತಾ? ಸೇದಿಲ್ಲ."

ತಂಗಿ ಬಟ್ಟಲನ್ನು ಕೆಳಗಿಟ್ಟಳು. ಪಟ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು. ನಾನು ಅವಳು ನನ್ನ ಮೇಲೆ ಹರಿಹಾಯುತ್ತಾಳೆ, ಹೊಡೆದರೂ ಹೊಡೆದಾಳು ಅಂದುಕೊಂಡಿದ್ದೆ, ಅದಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಅವಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ನಾಲ್ಕು ವರ್ಷ," ಎಂದಳು. "ನಾನು ಇವರನ್ನ ನಾಲ್ಕು ವರ್ಷ..."

ನೆಲದ ಮೇಲೆ ಕುಸಿದು ಕೂತಳು. ಅವಳ ಮುಖದ ಬಣ್ಣ ನೋಡನೋಡುತ್ತಲೇ ಇಳಿದುಹೋಯಿತು. ಎರಡೂ ಕೈಗಳನ್ನು ತೊಡೆಯ ಮೇಲೆ ತಿರುವಿ ತಿರುವಿ ನೋಡಿಕೊಂಡಳು. ನಾನು ತೋಳು ಹಿಡಿದು ಎಬ್ಬಿಸಲು ಹೋದರೆ, ಸತ್ತವರನ್ನು ಮುಟ್ಟಿದ ಹಾಗೆ ತಣ್ಣಗಿತ್ತು. ಆಗ ನನಗೆ ಹೆದರಿಕೆಯಾಯಿತು. ನಾನು ಗಂಡನ ಕಡೆಯ ಲೆಕ್ಕ ಮಾತ್ರ ಹಾಕಿಕೊಂಡು ಬಂದಿದ್ದೆ. ಇವಳ ಪಾಲಿಗೆ ಏನು ಉಳಿಯುತ್ತದೆ ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ.

ಗಡಿಯಾರದವರು ಅವಳನ್ನೇ ನೋಡುತ್ತಿದ್ದರು. ಆಮೇಲೆ ಮೂಗಿನ ಕೊಳವೆ ಸರಿಮಾಡಿಕೊಂಡು ಹೇಳಿದರು.

"ಅತ್ತಿಗೆ, ನಿಮ್ಮ ಲೆಕ್ಕ ನಿಮ್ಮದು. ಆದ್ರೆ ನಾನು ಸೇದ್ತಿದ್ದೆ."

ತಂಗಿ ತಲೆಯೆತ್ತಿದಳು.

"ಏನಂದ್ರಿ?"

"ಸೇದ್ತಿದ್ದೆ. ದಿನಕ್ಕೆ ಮೂರು, ನಾಲ್ಕು. ನೀನು ಮಲಗಿರ್ತಿದ್ಯಲ್ಲ, ಆಗ. ಕಿಟಕಿ ಹತ್ರ."

ನನಗೆ ಸಿಟ್ಟು ಬಂತು. ಮೂವತ್ತೊಂದು ವರ್ಷದ ಚಟ, ಒಂದು ಅಂಕಿಯ ಮೇಲೆ ಅನುಮಾನ ಬಂದರೆ ಕೆದಕದೆ ಬಿಡುವವಳಲ್ಲ.

"ಯಾವ ಸಿಗರೇಟು?"

ಅವರು ಒಂದು ಹೆಸರು ಹೇಳಿದರು. ಆ ಹೆಸರಿನದು ಅಂಗಡಿಯಲ್ಲಿ ಸಿಗುವುದು ನಿಂತು ಹದಿನೈದು ವರ್ಷವಾಗಿದೆ. ನಮ್ಮ ಕಚೇರಿಯ ಗೇಟಿನ ಮುಂದೆ ಸೇದುವ ಹಳೇ ಗಂಡಸರು ಅದನ್ನು ನೆನೆಸಿಕೊಂಡು ಈಗಲೂ ಹಲುಬುತ್ತಾರೆ. ಮೂವತ್ತು ವರ್ಷದಿಂದ ಸಿಗರೇಟಿನ ಅಂಗಡಿಯ ಕಡೆ ತಲೆ ಹಾಕದ ಮನುಷ್ಯನಿಗೆ ಮಾತ್ರ ಅದು ಗೊತ್ತಿರಲು ಸಾಧ್ಯವಿಲ್ಲ. ನಾನು ಬಾಯಿ ತೆರೆದೆ. ಅವರು ನನ್ನನ್ನು ನೋಡಿದರು, ಕಣ್ಣಿನಲ್ಲೇ ಬೇಡ ಎಂದರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ತಂಗಿಗೆ ಜೀವ ಬಂತು. ಅದನ್ನು ಬೇರೆ ಹೇಗೂ ಹೇಳಲಾರೆ. ಎದ್ದು ನಿಂತಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಅವರ ಎದೆಗೆ ಎರಡು ಏಟು ಹಾಕುವವಳಂತೆ ಕೈ ಎತ್ತಿ ಆ ಕೈಯನ್ನು ಅಲ್ಲೇ ಇಟ್ಟಳು.

"ನಾನು ಹೇಳ್ಲಿಲ್ವಾ? ನಾನು ಬಡ್ಕೊಳ್ಲಿಲ್ವಾ? ನನ್ನಾಣೆ ಬೇರೆ ಇಟ್ಟಿರಲ್ಲ ಸುಳ್ಳುಬುರುಕ. ನನ್ನ ಕಣ್ಣಿಗೆ ಮಣ್ಣು ಹಾಕಿ, ನಿದ್ದೇಲಿದ್ದವಳಿಗೆ ಮೋಸ ಮಾಡಿ... ನೋಡಕ್ಕ, ನೋಡು. ನಿನ್ನ ಹುಳ ಗಿಳ ಎಲ್ಲ ಇಟ್ಕೋ. ನನಗೆ ಗೊತ್ತಿತ್ತು."

ಬೈಯುತ್ತ ಬೈಯುತ್ತ ಅಳುತ್ತಿದ್ದಳು, ಅಳುತ್ತಲೇ ಚಮಚ ತೆಗೆದುಕೊಂಡು ಅವರ ಬಾಯಿಗೆ ಹಿಡಿದಳು. ಅವರು ವಿಧೇಯರಾಗಿ ನುಂಗಿದರು. ತಪ್ಪಾಯ್ತು ಕಣೇ ಎಂದರು. ತಪ್ಪಾಯಿತು ಅನ್ನುವ ಮಾತನ್ನು ಆ ಮನೆಯಲ್ಲಿ ಕೇಳಬೇಕೆಂದು ನಾನು ಬಂದಿದ್ದೆ, ಕೇಳಿದ್ದೂ ಆಯಿತು.

ಸಾರು ಬಿಸಿ ಮಾಡಿಕೊಂಡು ಬರಲು ಅವಳು ಒಳಗೆ ಹೋದಾಗ ನಾನು ಅವರ ಕಿವಿಯ ಹತ್ತಿರ ಬಗ್ಗಿದೆ.

"ಯಾಕ್ರೀ? ಇಷ್ಟು ವರ್ಷ ಒಪ್ಪಿಕೊಳ್ಳದೇ ಇದ್ದೋರು, ಈಗ ನಿಜ ಗೊತ್ತಾದ ಮೇಲೆ ಯಾಕೆ?"

ಅವರು ಉಸಿರು ಕೂಡಿಸಿಕೊಳ್ಳಲು ಒಂದು ನಿಮಿಷ ತೆಗೆದುಕೊಂಡರು.

"ನನಗೇನು, ಇವತ್ತೋ ನಾಳೆಯೋ. ಅವಳು ಇದೇ ಮನೇಲಿ ಇನ್ನೂ ಇಪ್ಪತ್ತು ವರ್ಷ ಒಬ್ಬಳೇ ಇರಬೇಕು. ಅಂದಿದ್ದನ್ನೆಲ್ಲ ನೆನೆಸ್ಕೊಂಡು ಹೇಗಿರ್ತಾಳೆ? ನೀವೂ ಬಾಯಿ ಬಿಡಬೇಡಿ ಅತ್ತಿಗೆ. ಯಾವತ್ತೂ."

ಅಡುಗೆಮನೆಯಿಂದ ತಂಗಿ ಇನ್ನೂ ಗೊಣಗುತ್ತಿದ್ದದ್ದು ಕೇಳುತ್ತಿತ್ತು. ಪಟ್ಟಿಯ ತುಂಡನ್ನು ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಆಗಲಿ ಎಂದೆ.

ಆಮೇಲೆ ಅವರು ಹನ್ನೆರಡು ದಿನ ಇದ್ದರು. ಆ ಹನ್ನೆರಡು ದಿನ ತಂಗಿ ಅವರ ಮಂಚ ಬಿಟ್ಟು ಏಳಲಿಲ್ಲ. ಬೈಗುಳ ನಿಂತುಹೋಗಿತ್ತು. ಕಳ್ಳ ಸಿಕ್ಕಿಬಿದ್ದ ಮೇಲೆ ಇನ್ನೇನು ಬೈಯೋದು ಎಂದು ನನ್ನ ಹತ್ತಿರ ಹೇಳಿ ನಕ್ಕಳು ಕೂಡ. ನಾಲ್ಕು ವರ್ಷದಲ್ಲಿ ಅವಳು ನಕ್ಕದ್ದು ನಾನು ನೋಡಿರಲಿಲ್ಲ.

ಅಂಕಿಗಳು ಹೊರಬಿದ್ದದ್ದು ಅವರು ಹೋಗುವ ಎರಡು ದಿನ ಮುಂಚೆ. ಪತ್ರಿಕೆಯಲ್ಲಿ ನನ್ನ ಹೆಸರು, ನನ್ನ ತಪ್ಪು, ಕುಲುಮೆ, ಎಲ್ಲ ಬಂತು. ಕುಲುಮೆಯವರಿಗೆ ನೋಟೀಸು ಹೋಯಿತು, ಒಂದು ವಾರ ಆರಿಸಿ ಆಮೇಲೆ ಮತ್ತೆ ಹೊತ್ತಿಸಿದರು. ಬೀದಿಯ ಜನ ಗುಂಪುಗುಂಪಾಗಿ ನಿಂತು ಮಾತಾಡಿಕೊಂಡರು. ತಂಗಿ ಪತ್ರಿಕೆ ತೆಗೆಯಲೇ ಇಲ್ಲ.

ಪ್ರಾಣ ಹೋದ ದಿನ ಗಡಿಯಾರದವರನ್ನು ಮುಂದಿನ ಕೋಣೆಯಲ್ಲಿ, ಅವರ ಮೇಜು ಸರಿಸಿದ ಜಾಗದಲ್ಲಿ ಮಲಗಿಸಿದ್ದರು. ಅಕ್ಕಪಕ್ಕದವರು ಬಂದು ನಿಂತಿದ್ದರು. ಕೆಳಗಿನ ಮನೆಯ ದರ್ಜಿ, ತಾನೂ ಕೆಮ್ಮುತ್ತಲೇ, ಈ ಹಾಳು ಗಾಳಿಯೇ ತಗೊಂಡು ಹೋಯ್ತು ಇವರನ್ನ, ಪೇಪರಲ್ಲಿ ಎಲ್ಲ ಬಂದಿದೆ ಎಂದರು. ಹೌದು ಹೌದು ಎಂದು ನಾಲ್ಕು ಜನ ದನಿಗೂಡಿಸಿದರು. ತಂಗಿ ಅಳು ನಿಲ್ಲಿಸಿ ಅವರ ಕಡೆ ತಿರುಗಿದಳು.

"ಗಾಳಿ ಅಲ್ಲ," ಎಂದಳು. "ಇವರು ಸೇದ್ತಿದ್ರು. ಕದ್ದು ಸೇದ್ತಿದ್ರು. ಕೊನೆಗಾದ್ರೂ ಒಪ್ಕೊಂಡ್ರಲ್ಲ, ನನಗೆ ಅಷ್ಟೇ ಸಮಾಧಾನ. ಅಕ್ಕನ ಎದುರಿಗೇ ಒಪ್ಕೊಂಡ್ರು, ಬೇಕಾದ್ರೆ ಕೇಳಿ."

ದರ್ಜಿ ನನ್ನ ಕಡೆ ನೋಡಿದರು. ಕೋಣೆಯಲ್ಲಿದ್ದ ಎಲ್ಲರೂ ನೋಡಿದರು, ಗಾಳಿಯ ವಿಷಯ ಆ ಊರಿನಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರೂ ಇರಲಿಲ್ಲ. ಬಿಳಿ ಬಟ್ಟೆಯ ಅಂಚಿನಲ್ಲಿ ಆ ಮನುಷ್ಯನ ಬೆರಳುಗಳು ಕಾಣುತ್ತಿದ್ದವು, ತೆಳ್ಳಗೆ, ಒಂದು ಕಲೆಯೂ ಇಲ್ಲದೆ.

"ಹೌದು," ಅಂದೆ. "ಸೇದುತ್ತಿದ್ದರು."